ಎರಡು ಕೈಯಿಂದ ಉಣ್ಣುವವರು ಯಾರು?

ಗಿರಣಿಯಿಂದ ಹೊರಬಿದ್ದ ಕಾರ್ಮಿಕನೊಬ್ಬ ಮಾಲೀಕರಿಂದ ಪರಿಹಾರದ ಹಣವನ್ನೂ ಪಡೆದು, ಅದರ ಮೇಲೆ ನಿರುದ್ಯೋಗ ಭತ್ಯೆಗೂ ಅರ್ಜಿ ಹಾಕಿದರೆ ಊರಿನ ದೊಡ್ಡ ಮನುಷ್ಯರಿಗೆ ಹೊಟ್ಟೆನೋವು ಶುರುವಾಗುತ್ತದೆ. ‘ಒಂದು ಕೈಯಲ್ಲಿ ಧಣಿಯ ದುಡ್ಡು, ಇನ್ನೊಂದು ಕೈಯಲ್ಲಿ ಸರ್ಕಾರದ ದುಡ್ಡು; ಎರಡು ಕೈಯಿಂದ ಉಣ್ಣುತ್ತಾರಲ್ಲ ಇವರು!’ ಎಂದು ಕ್ಲಬ್ಬಿನ ಇಸ್ಪೀಟು ಮೇಜಿನ ಸುತ್ತ ಮಾತು ನಡೆಯುತ್ತದೆ. ಅವರು ಆಡಿಕೊಂಡರೆ ನಮಗೆ ಆಶ್ಚರ್ಯವಿಲ್ಲ. ಆದರೆ ಈಗ ಕಾರ್ಮಿಕರೇ ಆ ಮಾತನ್ನು ನಂಬತೊಡಗಿದ್ದಾರೆ. ನೂಲುವ ಖಾತೆಯಲ್ಲಿ 12 ವರ್ಷ ದುಡಿದ ಒಬ್ಬರು ಮೊನ್ನೆ ನಮ್ಮ ಕಚೇರಿಗೆ ಬಂದಿದ್ದರು. ಭತ್ಯೆಯ ಅರ್ಜಿ ಹಿಡಿದು ಹೋದವರನ್ನು ಕಿಟಕಿಯ ಆಚೆ ಕುಳಿತಿದ್ದವನು ‘ಪರಿಹಾರ ಸಿಕ್ಕಿದೆಯಲ್ಲ, ಇದೂ ಬೇಕೇನಯ್ಯ?’ ಎಂದು ಕೇಳಿದನಂತೆ. ಇವರು ನಾಚಿಕೊಂಡು ಅರ್ಜಿಯನ್ನು ಮಡಚಿ ಜೇಬಿನಲ್ಲಿಟ್ಟು ಮನೆಗೆ ಬಂದರಂತೆ. ‘ಕೇಳುವುದು ತಪ್ಪೇ ಸಾರ್?’ ಎಂದು ಅವರು ನಮ್ಮನ್ನು ಕೇಳಿದ್ದು ಪಿಸುಮಾತಿನಲ್ಲಿ.

ತಪ್ಪಲ್ಲ. ಏಕೆ ತಪ್ಪಲ್ಲ ಎಂಬುದನ್ನು ಗಟ್ಟಿ ಧ್ವನಿಯಲ್ಲಿ ಹೇಳುವುದಕ್ಕಾಗಿಯೇ ಈ ಲೇಖನ.

ಮೊದಲು ಪರಿಹಾರದ ಮಾತು. 1953ರಲ್ಲಿ ಬಟ್ಟೆ ಗಿರಣಿಗಳ ಗೋದಾಮುಗಳಲ್ಲಿ ಮಾರಾಟವಾಗದ ದಾಸ್ತಾನು ಕೂಡಿಬಿತ್ತು. ಸಾವಿರಾರು ಜನರನ್ನು ಮನೆಗೆ ಕಳಿಸುವ ಭೀತಿ ಎದುರಾದಾಗ ಕೇಂದ್ರ ಸರ್ಕಾರ ಆ ವರ್ಷದ ಅಕ್ಟೋಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ಮುಂದೆ 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ ಸೇರಿದ ಹೊಸ ಅಧ್ಯಾಯವಾಯಿತು. ಲೇ-ಆಫ್ ಆದವನಿಗೆ ಅರ್ಧ ಕೂಲಿ. ರಿಟ್ರೆಂಚ್‌ಮೆಂಟ್ ಆದವನಿಗೆ ಒಂದು ತಿಂಗಳ ನೋಟೀಸು ಇಲ್ಲವೇ ಅಷ್ಟು ಸಂಬಳ, ಜೊತೆಗೆ ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನದ ಸರಾಸರಿ ವೇತನ. ಗಿರಣಿ ಕಾರ್ಮಿಕನ ಸಂಕಟದಿಂದಲೇ ಹುಟ್ಟಿದ ಕಾನೂನು ಇದು. ಯಾವ ಧಣಿಯೂ ದಾನ ಕೊಟ್ಟದ್ದಲ್ಲ.

ಆ 15 ದಿನ ಎಂಬ ಲೆಕ್ಕವನ್ನು ಸ್ವಲ್ಪ ನೋಡಿ. 1953ರಲ್ಲಿ 15 ದಿನ. 2020ರಲ್ಲಿ ಸಂಸತ್ತು ಅಂಗೀಕರಿಸಿ, 2025ರ ನವೆಂಬರ್ 21ರಿಂದ ಜಾರಿಗೆ ತಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲೂ ಅದೇ 15 ದಿನ. ಎಪ್ಪತ್ತು ವರ್ಷ ದಾಟಿದರೂ ಒಂದು ದಿನ ಹೆಚ್ಚಲಿಲ್ಲ! ಹೆಚ್ಚಿದ್ದು ಬೇರೆಯೇ: ಜನರನ್ನು ತೆಗೆಯುವ ಮೊದಲು ಸರ್ಕಾರದ ಅನುಮತಿ ಬೇಕೆಂಬ ನಿಯಮ ಹಿಂದೆ 100 ಜನರಿದ್ದ ಕಾರ್ಖಾನೆಗೇ ತಗಲುತ್ತಿತ್ತು, ಹೊಸ ಸಂಹಿತೆ ಅದನ್ನು 300ಕ್ಕೆ ಏರಿಸಿತು. ಮರುಕೌಶಲ ನಿಧಿ ಎಂಬ ಹೆಸರಿನಲ್ಲಿ ಇನ್ನು 15 ದಿನದ ಕೂಲಿಯನ್ನು ಸೇರಿಸಿದ್ದಾರೆ, ನಿಜ. ಐವತ್ತು ವರ್ಷದ ನೇಕಾರ ಆ ದುಡ್ಡಿನಲ್ಲಿ ಯಾವ ಹೊಸ ಕಸುಬು ಕಲಿಯಬೇಕೋ ಸಂಹಿತೆ ಬರೆದವರೇ ಹೇಳಬೇಕು.

ಇಲ್ಲಿ ಮಾಲೀಕರ ವಕೀಲರು ಒಂದು ಮಾತು ಎತ್ತುತ್ತಾರೆ. ಅದನ್ನು ನಾವು ಮುಚ್ಚಿಡುವುದಿಲ್ಲ. 1959ರಲ್ಲಿ ಇಂಡಿಯನ್ ಹ್ಯೂಮ್ ಪೈಪ್ ಕಂಪನಿಯ ಮೊಕದ್ದಮೆಯಲ್ಲಿ, ಗ್ರಾಚ್ಯುಟಿ ಪಡೆದ ಕಾರ್ಮಿಕನಿಗೆ ರಿಟ್ರೆಂಚ್‌ಮೆಂಟ್ ಪರಿಹಾರವೂ ಏಕೆ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಎರಡರ ಉದ್ದೇಶವೂ ಬೇರೆ, ಆದ್ದರಿಂದ ಎರಡೂ ಸಲ್ಲಬೇಕು ಎಂದು ನ್ಯಾಯಾಲಯ ಹೇಳಿತು. (ಆಗಲೂ ‘ಎರಡು ಕೈ’ ಎಂಬ ಕೂಗೇ ಇತ್ತು ಎಂಬುದನ್ನು ಗಮನಿಸಿ.) ಆದರೆ ಅದೇ ತೀರ್ಪಿನಲ್ಲಿ, ಹಠಾತ್ತನೆ ಕೆಲಸ ಹೋದವನು ನಿರುದ್ಯೋಗದ ಕಷ್ಟಕಾಲವನ್ನು ದಾಟಲು ನೆರವಾಗುವುದೇ ಈ ಪರಿಹಾರದ ಉದ್ದೇಶ ಎಂಬ ಮಾತೂ ಇದೆ. ‘ಅಲ್ಲಿಗೆ ಮುಗಿಯಿತು, ಪರಿಹಾರವೇ ನಿರುದ್ಯೋಗದ ಹಣವಾದ ಮೇಲೆ ಇನ್ನೊಂದು ಭತ್ಯೆ ಯಾತಕ್ಕೆ?’ ಎಂದು ವಕೀಲರು ಕೋಟಿನ ತೋಳು ಸರಿಮಾಡಿಕೊಳ್ಳುತ್ತಾರೆ.

ಮುಗಿಯಲಿಲ್ಲ, ಸ್ವಾಮಿ. ನಿರುದ್ಯೋಗದ ದಿನಗಳನ್ನು ಎಣಿಸಿ ಕೊಡುವ ಹಣವಾಗಿದ್ದರೆ, ಮರುದಿನವೇ ಪಕ್ಕದ ಊರಿನಲ್ಲಿ ಕೆಲಸ ಸಿಕ್ಕವನಿಂದ ಅದನ್ನು ವಾಪಸು ಕೇಳಬೇಕಿತ್ತು. ಕೇಳುತ್ತೀರೇನು? ಕಾನೂನಿನಲ್ಲಿ ಅದಕ್ಕೆ ಅವಕಾಶವಿಲ್ಲ. ಒಂದು ವರ್ಷ ಕೆಲಸವಿಲ್ಲದೆ ಅಲೆದವನಿಗೂ ಒಂದು ವಾರದಲ್ಲಿ ಕೆಲಸ ಹಿಡಿದವನಿಗೂ ಸೇವೆ ಸಮನಾಗಿದ್ದರೆ ಪರಿಹಾರವೂ ಸಮ. ಅಳತೆಗೋಲು ಮುಂದಿನ ಹಸಿವಲ್ಲ, ಹಿಂದಿನ ದುಡಿಮೆ. ಇಂಗ್ಲೆಂಡಿನಲ್ಲಿ 1965ರಲ್ಲಿ ಇಂಥದೇ ಕಾಯಿದೆ ಬಂದಾಗ ಇದೇ ಚರ್ಚೆ ನಡೆಯಿತು. ಲಾರ್ಡ್ ಡೆನ್ನಿಂಗ್ ಎಂಬ ನ್ಯಾಯಾಧೀಶರು 1969ರ ಒಂದು ತೀರ್ಪಿನಲ್ಲಿ ಬಿಡಿಸಿ ಹೇಳಿದರು: ಬಹುಕಾಲ ದುಡಿದವನಿಗೆ ತನ್ನ ಕೆಲಸದ ಮೇಲೆ ಒಂದು ಹಕ್ಕು ಬೆಳೆದಿರುತ್ತದೆ, ವರ್ಷ ಕಳೆದಂತೆ ಅದರ ಬೆಲೆ ಏರುತ್ತದೆ, ಆ ಹಕ್ಕು ಹೋದದ್ದಕ್ಕೆ ಈ ಹಣ, ಇದು ನಿರುದ್ಯೋಗ ಭತ್ಯೆಯಲ್ಲ. ಡೆನ್ನಿಂಗರು ಸಮಾಜವಾದಿಯೇನೂ ಆಗಿರಲಿಲ್ಲ.

ಇನ್ನೂ ಒಂದು ಸಾಕ್ಷಿ 1953ರ ಕಾನೂನಿನ ಒಳಗೇ ಇದೆ. ಲೇ-ಆಫ್ 45 ದಿನ ದಾಟಿದ ಮೇಲೆ ಮಾಲೀಕ ಕಾರ್ಮಿಕನನ್ನು ರಿಟ್ರೆಂಚ್ ಮಾಡಿದರೆ, ಹಿಂದಿನ 12 ತಿಂಗಳಲ್ಲಿ ಕೊಟ್ಟ ಲೇ-ಆಫ್ ಹಣವನ್ನು ಪರಿಹಾರದಲ್ಲಿ ಮುರಿದುಕೊಳ್ಳಬಹುದು ಎಂದು ಅಲ್ಲಿ ಬರೆದಿತ್ತು. ಮುರಿದುಕೊಳ್ಳಬೇಕು ಎನಿಸಿದ ಕಡೆ ಕಾನೂನು ಬರೆದವರ ಲೇಖನಿ ಹಿಂಜರಿಯಲಿಲ್ಲ. ನಿರುದ್ಯೋಗ ಭತ್ಯೆಯ ವಿಷಯದಲ್ಲಿ ಹಾಗೆ ಬರೆಯಲಿಲ್ಲ. ಬರೆಯದ ಕಾನೂನನ್ನು ಕಿಟಕಿಯ ಆಚೆ ಕುಳಿತ ಗುಮಾಸ್ತ ಬರೆಯಲು ಬರುವುದಿಲ್ಲ.

ಇನ್ನು ಭತ್ಯೆ. ಇದನ್ನು ‘ಸರ್ಕಾರದ ದುಡ್ಡು’ ಎನ್ನುವವರು ತಮ್ಮದೇ ಕಾರ್ಖಾನೆಯ ಬಟವಾಡೆ ಪುಸ್ತಕವನ್ನು ನೋಡಲಿ. 1948ರ ಇ.ಎಸ್.ಐ. ಕಾಯಿದೆಯ ಪ್ರಕಾರ ಕಾರ್ಮಿಕ ಪ್ರತಿ ತಿಂಗಳೂ ವಿಮೆಗೆ ವಂತಿಗೆ ಕಟ್ಟುತ್ತ ಬಂದಿದ್ದಾನೆ. 2019ರ ಜುಲೈಯಿಂದ ಅವನದು ನೂರಕ್ಕೆ 75 ಪೈಸೆ, ಮಾಲೀಕನದು ನೂರಕ್ಕೆ 3 ರೂಪಾಯಿ 25 ಪೈಸೆ. ತಿಂಗಳಿಗೆ 15,000 ಸಂಬಳದವನ ಹೆಸರಿನಲ್ಲಿ 600 ರೂಪಾಯಿ, ವರ್ಷಕ್ಕೆ 7,200. ಇದರಲ್ಲಿ ಆಸ್ಪತ್ರೆ, ಔಷಧ, ಕಾಯಿಲೆ ಭತ್ಯೆ ಎಲ್ಲವೂ ಸೇರಿವೆ ಎಂಬುದನ್ನು ಒಪ್ಪುತ್ತೇವೆ. ಆದರೂ ಅದು ಕಟ್ಟಿದ ಹಣ. ಅಂಗಡಿಗೆ ಬೆಂಕಿವಿಮೆ ಮಾಡಿಸಿದ ವ್ಯಾಪಾರಿಗೆ, ಅಂಗಡಿ ಸುಟ್ಟ ದಿನ, ‘ನಿನಗೆ ಬ್ಯಾಂಕಿನಲ್ಲಿ ಉಳಿತಾಯ ಇದೆಯಲ್ಲ, ವಿಮೆಯ ಹಣ ಯಾಕೆ?’ ಎಂದು ಯಾರಾದರೂ ಕೇಳುತ್ತಾರೆಯೇ?

2005ರ ಏಪ್ರಿಲ್ 1ರಿಂದ ಇ.ಎಸ್.ಐ. ಅಡಿಯಲ್ಲಿ ರಾಜೀವ್ ಗಾಂಧಿಯವರ ಹೆಸರಿನ ಶ್ರಮಿಕ ಕಲ್ಯಾಣ ಯೋಜನೆ ಬಂತು. ಅರ್ಧ ಕೂಲಿಯ ಭತ್ಯೆ. ಯಾರಿಗೆ? ಕಾರ್ಖಾನೆ ಮುಚ್ಚಿ ಹೊರಬಿದ್ದವರಿಗೆ, ಕೈಗಾರಿಕಾ ವಿವಾದಗಳ ಕಾಯಿದೆಯ ಪ್ರಕಾರ ರಿಟ್ರೆಂಚ್ ಆದವರಿಗೆ, ಅಂಗವಿಕಲರಾಗಿ ಕೆಲಸ ಬಿಟ್ಟವರಿಗೆ. ಇದನ್ನು ಎರಡು ಸಲ ಓದಿ. ಆ ಕಾಯಿದೆಯ ಪ್ರಕಾರ ರಿಟ್ರೆಂಚ್ ಆದವನೆಂದರೆ ಪರಿಹಾರಕ್ಕೆ ಹಕ್ಕುದಾರನಾದವನೆಂದೇ ಅರ್ಥ! ಪರಿಹಾರ ಕೊಡದೆ ರಿಟ್ರೆಂಚ್ ಮಾಡುವುದೇ ಅಸಿಂಧು ಎಂದು 1960ರಲ್ಲೇ ಸುಪ್ರೀಂ ಕೋರ್ಟು ಹೇಳಿತ್ತು. ಅಂದಮೇಲೆ ಒಂದನ್ನು ಪಡೆಯುವ ಯೋಗ್ಯತೆಯೇ ಇನ್ನೊಂದಕ್ಕೂ ದಾರಿ. ಒಂದು ಸಿಕ್ಕಿದ್ದಕ್ಕೆ ಇನ್ನೊಂದಿಲ್ಲ ಎಂದರೆ ಆ ಯೋಜನೆಗೆ ರಿಟ್ರೆಂಚ್ ಆದ ಒಬ್ಬ ಫಲಾನುಭವಿಯೂ ಉಳಿಯುತ್ತಿರಲಿಲ್ಲ.

2018ರ ಜುಲೈ 1ರಂದು ಅಟಲ್ ಹೆಸರಿನ ಇನ್ನೊಂದು ಯೋಜನೆ ಬಂತು. ಜೀವಮಾನದಲ್ಲಿ ಒಂದೇ ಸಲ, 90 ದಿನಕ್ಕೆ, ಸರಾಸರಿ ಕೂಲಿಯ ನಾಲ್ಕನೇ ಒಂದು ಪಾಲು. ಕೊರೋನಾ ಬಂದ 2020ರಲ್ಲಿ ಅದನ್ನು ಅರ್ಧಕ್ಕೆ ಏರಿಸಿದರು. ಈ ಯೋಜನೆಯ ಷರತ್ತಿನಲ್ಲಿ ಒಂದು ವಾಕ್ಯವಿದೆ: ಕಾಯಿದೆಯ 65ನೇ ಕಲಮಿನಲ್ಲಿ ಹೇಳಿದಂತೆ, ಅದೇ ಅವಧಿಗೆ ಬೇರೆ ನಗದು ಪರಿಹಾರ ಸಲ್ಲದು. ನಮ್ಮ ನೂಲುವ ಖಾತೆಯವರನ್ನು ವಾಪಸು ಕಳಿಸಿದವನು ‘ಪರಿಹಾರ’ ಎಂಬ ಶಬ್ದ ಕಂಡೊಡನೆ ಓದುವುದನ್ನು ನಿಲ್ಲಿಸಿರಬೇಕು. 65ನೇ ಕಲಮು ಹೇಳುವುದು ಇ.ಎಸ್.ಐ.ನದೇ ಕಾಯಿಲೆ ಭತ್ಯೆ, ಹೆರಿಗೆ ಭತ್ಯೆ, ತಾತ್ಕಾಲಿಕ ಅಂಗವೈಕಲ್ಯದ ಭತ್ಯೆಗಳನ್ನು ಒಟ್ಟಿಗೆ ಪಡೆಯಬಾರದು ಎಂದು. ಮಾಲೀಕ ಕೊಡುವ ರಿಟ್ರೆಂಚ್‌ಮೆಂಟ್ ಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ಅಮೆರಿಕದಲ್ಲಿ ಹಾಗಲ್ಲ, ಕೆಲವು ರಾಜ್ಯಗಳಲ್ಲಿ ಮುರಿದುಕೊಳ್ಳುತ್ತಾರೆ ಎಂದು ತಿಳಿದವರು ಹೇಳುತ್ತಾರೆ. ನಿಜ, ನ್ಯೂಯಾರ್ಕ್ ರಾಜ್ಯದಲ್ಲಿ 2014ರಿಂದ ಅಂಥ ನಿಯಮವಿದೆ. ಆದರೆ ಅಲ್ಲಿನ ನಿಯಮ ಇಲ್ಲಿಗೆ ಅನ್ವಯವಾಗುವುದಿಲ್ಲ. ಅಲ್ಲಿನ ಕೂಲಿಯನ್ನೂ ಇಲ್ಲಿಗೆ ತಂದ ಮೇಲೆ ಆ ಮಾತು ಆಡಬಹುದು.

ಹಾಗಾದರೆ ಕೈಗೆ ಬರುವುದೆಷ್ಟು? ದಿನಕ್ಕೆ 500 ರೂಪಾಯಿ ಸರಾಸರಿ ಕೂಲಿ, 12 ವರ್ಷದ ಸೇವೆ ಎಂದಿಟ್ಟುಕೊಳ್ಳಿ. ಪರಿಹಾರ 180 ದಿನದ ಕೂಲಿ, 90,000. ಭತ್ಯೆ 2018ರ ದರದಲ್ಲಿ 11,250. 2020ರ ದರದಲ್ಲಿ 22,500. ಇದೇ ಆ ಎರಡು ಕೈಯ ಮೃಷ್ಟಾನ್ನ! ಮೊದಲಿನ 90,000 ಮನೆಯೊಳಗೆ ಒಂದು ವಾರವೂ ನಿಲ್ಲುವುದಿಲ್ಲ. ಸೊಸೈಟಿ ಸಾಲ, ಮಗಳ ಮದುವೆಯ ಕೈಸಾಲ, ಬಾಡಿಗೆ ಬಾಕಿ. ಕೆಲಸ ಹೋಯಿತೆಂಬ ಸುದ್ದಿ ಕೇಳಿದ ಸಾಲಗಾರರು ಗೇಟಿನ ಹತ್ತಿರವೇ ನಿಂತಿರುತ್ತಾರೆ. ಮುಂದಿನ ತಿಂಗಳ ಅಕ್ಕಿಬೇಳೆಗೆ ಉಳಿಯುವುದು ಆ ಭತ್ಯೆಯೊಂದೇ. ಖಾಸಗಿ ಬಟ್ಟೆ ಗಿರಣಿಗಳು ಮುಚ್ಚಿದಾಗ 1986ರ ಯೋಜನೆಯಲ್ಲಿ ಮೊದಲ ವರ್ಷ ಮುಕ್ಕಾಲು, ಎರಡನೇ ವರ್ಷ ಅರ್ಧ, ಮೂರನೇ ವರ್ಷ ಕಾಲು ಕೂಲಿ ಕೊಡುವ ಏರ್ಪಾಡಿತ್ತು. ಮೂರು ವರ್ಷ ಇದ್ದದ್ದು 2018ರ ಯೋಜನೆಯಲ್ಲಿ ಮೂರು ತಿಂಗಳಿಗೆ ಇಳಿದಿದೆ. ಇಳಿಸಿದವರನ್ನು ಕೇಳುವವರಿಲ್ಲ, ಪಡೆಯುವವನನ್ನು ಮಾತ್ರ ಕಿಟಕಿಯಲ್ಲಿ ನಿಲ್ಲಿಸಿ ಕೇಳುತ್ತಾರೆ.

ಕಿರಾಣಿ ಅಂಗಡಿಯ, ಚಹಾದಂಗಡಿಯ, ಸೈಕಲ್ ಶಾಪಿನ ಬಂಧುಗಳಿಗೆ ಒಂದು ಮಾತು. ‘ಲಕ್ಷದ ಹತ್ತಿರ ದುಡ್ಡು ಬಂದರೂ ನನ್ನ ಉದ್ರಿ ತೀರಿಸಲಿಲ್ಲ’ ಎಂದು ನಿಮ್ಮಲ್ಲಿ ಕೆಲವರು ಗೊಣಗುವುದನ್ನು ನಾವು ಕೇಳಿದ್ದೇವೆ. ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಗಿರಣಿಯ ಚಾಳಿನಲ್ಲಿ ಪಗಾರ ನಿಂತ ದಿನದಿಂದ ಆ ಮನೆಗಳನ್ನು ಸಾಕುವುದು ಸರ್ಕಾರವಲ್ಲ, ನಿಮ್ಮ ಉದ್ರಿ ಖಾತೆಯ ಪುಸ್ತಕ. ವಂತಿಗೆ ಕಟ್ಟಿಸಿಕೊಳ್ಳದೆ ನಿರುದ್ಯೋಗ ವಿಮೆ ನಡೆಸುತ್ತಿರುವವರು ನೀವೇ. ಆ ಕಾರಣಕ್ಕೇ ಭತ್ಯೆಯ ಪ್ರಶ್ನೆ ನಿಮ್ಮದೂ ಹೌದು. ಆ 22,500 ರೂಪಾಯಿ ಷೇರುಪೇಟೆಗೆ ಹೋಗುವುದಿಲ್ಲ. ಎಣ್ಣೆ, ಬೆಲ್ಲ, ಸೋಪು, ನೋಟುಬುಕ್ಕಾಗಿ ನಿಮ್ಮ ಗಲ್ಲಾಪೆಟ್ಟಿಗೆಗೇ ಬರುತ್ತದೆ. ಅದನ್ನು ಮುರಿದುಕೊಂಡರೆ ನಿಮ್ಮ ಪುಸ್ತಕದಲ್ಲಿ ಇನ್ನೊಂದು ಪುಟ ತುಂಬುತ್ತದೆ, ಅಷ್ಟೇ.

ಆದರೆ ನಮ್ಮನ್ನು ಹೆಚ್ಚು ಕಾಡುವುದು ಗುಮಾಸ್ತನಲ್ಲ, ಗಿರಣಿಯ ಆಫೀಸಿನಲ್ಲಿ ಮುಂದೆ ಚಾಚುವ ಕಾಗದ. ‘ರಿಟ್ರೆಂಚ್‌ಮೆಂಟ್ ಎಂದು ಬರೆದರೆ ತಡವಾಗುತ್ತದೆ, ಸ್ವಯಂ ನಿವೃತ್ತಿ ಎಂದು ಸಹಿ ಹಾಕು, 20,000 ಹೆಚ್ಚು ಕೊಡಿಸುತ್ತೇನೆ’ ಎಂದು ಮಾನೇಜರು ಹೆಗಲ ಮೇಲೆ ಕೈಯಿಟ್ಟು ಹೇಳುತ್ತಾನೆ. ಹಾಕಿದಿರೋ, ಕೆಟ್ಟಿರಿ. ಸ್ವಇಚ್ಛೆಯಿಂದ ನಿವೃತ್ತಿಯಾದವನಿಗೆ 2005ರ ಯೋಜನೆಯಲ್ಲೂ ಭತ್ಯೆಯಿಲ್ಲ, 2018ರದರಲ್ಲೂ ಇಲ್ಲ. ಕಾನೂನಿನ ದೃಷ್ಟಿಯಲ್ಲಿ ನಿಮ್ಮನ್ನು ಯಾರೂ ತೆಗೆದುಹಾಕಿಲ್ಲ, ನೀವೇ ಎದ್ದು ಹೋದಿರಿ! ಅನುಮತಿಯ ತಂಟೆ ತಪ್ಪಿತು, ನೋಟೀಸು ತಪ್ಪಿತು, ಮುಂದೆ ಜನ ಬೇಕಾದಾಗ ತೆಗೆದವರನ್ನೇ ಮೊದಲು ಕರೆಯಬೇಕೆಂಬ ಕಟ್ಟಳೆಯೂ ತಪ್ಪಿತು. ಅಷ್ಟೆಲ್ಲ ಲಾಭಕ್ಕೆ ಮಾನೇಜರು ಕೊಟ್ಟ ಬೆಲೆ 20,000. ಎರಡು ಕೈಯಿಂದ ಉಂಡವರು ಯಾರೆಂದು ಇಸ್ಪೀಟು ಮೇಜಿನವರು ಇಲ್ಲಿ ಲೆಕ್ಕ ಹಾಕಲಿ.

ಗುತ್ತಿಗೆಯ ಕೂಲಿಗಳ ಪಾಡಂತೂ ಬೇರೆಯೇ. ಕರಾರಿನ ಅವಧಿ ಮುಗಿದು ಮನೆಗೆ ಹೋದರೆ ಅದು ರಿಟ್ರೆಂಚ್‌ಮೆಂಟೇ ಅಲ್ಲವೆಂದು 1984ರ ತಿದ್ದುಪಡಿ ಹೇಳಿಬಿಟ್ಟಿತು. ಎರಡು ಕೈಯ ಮಾತು ಹಾಗಿರಲಿ, ಅವರಿಗೆ ಮಾಲೀಕನ ಕಡೆಯಿಂದ ಒಂದು ತುತ್ತೂ ಇಲ್ಲ. ಅವರ ವಿಷಯವನ್ನು ಬೇರೆಯಾಗಿಯೇ ಬರೆಯುತ್ತೇವೆ.

ಈಗ ಕೆಲಸ ಹೋದವರು ಮಾಡಬೇಕಾದದ್ದು: ಆಫೀಸಿನಲ್ಲಿ ಕೊಟ್ಟ ಕಾಗದದಲ್ಲಿ ಯಾವ ಶಬ್ದವಿದೆಯೆಂದು ಓದಿಸಿಕೊಂಡ ಮೇಲೆಯೇ ಸಹಿ ಹಾಕಿ, ಓದಲು ಬಾರದಿದ್ದರೆ ಒಂದು ದಿನ ಕೇಳಿಕೊಂಡು ನಮ್ಮಲ್ಲಿಗೆ ತನ್ನಿ. ವಿಮೆಯ ಕಾರ್ಡು, ಬ್ಯಾಂಕಿನ ಪಾಸ್‌ಬುಕ್ಕು, ರಿಟ್ರೆಂಚ್‌ಮೆಂಟ್ ಪತ್ರದ ನಕಲು ಜೋಪಾನವಾಗಿಡಿ. ಅರ್ಜಿ ಸ್ವೀಕರಿಸುವುದಿಲ್ಲವೆಂದರೆ ಬಾಯಿಮಾತಿಗೆ ಒಪ್ಪಬೇಡಿ. ಯಾವ ನಿಯಮದ ಪ್ರಕಾರ ಎಂದು ಬರೆದುಕೊಡಲು ಹೇಳಿ. ನೂಲುವ ಖಾತೆಯವರ ಮಡಚಿದ ಅರ್ಜಿ ನಮ್ಮ ಮೇಜಿನ ಮೇಲಿದೆ. ಸೋಮವಾರ ಬೆಳಿಗ್ಗೆ ಅವರೊಂದಿಗೆ ನಾವೂ ಆ ಕಿಟಕಿಯ ಮುಂದೆ ನಿಲ್ಲುತ್ತೇವೆ.