ಗಾಯಕ್ಕೆ ಮದ್ದು ಮೆಡಿಕಲ್ಲಿನಲ್ಲಿಲ್ಲ

ಕಾಪುವಿನಲ್ಲಿ ಹೆದ್ದಾರಿ 66ರ ಮೇಲೆ ಸ್ಕೂಟರ್ ಜಾರಿ ಬಿದ್ದವರು, ಕಾರ್ಕಳದ ಕೋರೆಯಲ್ಲಿ ಕೈ ಜಜ್ಜಿಕೊಂಡವರು, ನೇಜಿ ನೆಡುವಾಗ ಗಾಜು ತುಳಿದವರು ಮೊದಲು ಹತ್ತುವುದು ಮೆಡಿಕಲ್ಲಿನ ಮೆಟ್ಟಿಲು. ‘ಸೆಪ್ಟಿಕ್ ಆಗದ ಹಾಗೆ ಏನಾದರೂ ಕೊಡಿ’ ಎಂದರೆ ಎಷ್ಟೋ ಕಡೆ ಮೂರು ದಿನದ ಆಂಟಿಬಯೋಟಿಕ್ ಕೈಗೆ ಬರುತ್ತದೆ. ವೈದ್ಯರ ಚೀಟಿ ಕೇಳಿದ ಅಂಗಡಿಯವರು ಗಿರಾಕಿ ಕಳೆದುಕೊಳ್ಳುತ್ತಾರೆ.

ಪಕ್ಕದ ಕೇರಳ 2024ರ ಜನವರಿಯಲ್ಲಿ ಚೀಟಿಯಿಲ್ಲದೆ ಆಂಟಿಬಯೋಟಿಕ್ ಮಾರುವುದನ್ನು ತಡೆಯಲು ‘ಆಪರೇಷನ್ ಅಮೃತ್’ ಹೆಸರಲ್ಲಿ ಔಷಧದಂಗಡಿಗಳ ಮೇಲೆ ದಿಢೀರ್ ತಪಾಸಣೆ ಶುರು ಮಾಡಿತು. ಇಲ್ಲೂ ಹಾಗೆ ಮಾಡಿ ಎಂದರೆ ಬರುವ ಉತ್ತರ ಒಂದೇ: ಬಡವರಿಗೆ ತೊಂದರೆ. ದಿನಗೂಲಿ ಬಿಟ್ಟು ಆಸ್ಪತ್ರೆಯಲ್ಲಿ ಸರತಿ ನಿಲ್ಲುವ ಕಷ್ಟ ಸುಳ್ಳಲ್ಲ. ಆದರೆ ಆ ಗುಳಿಗೆಯಿಂದ ಬಡವನಿಗೆ ಸಿಕ್ಕಿದ್ದೇನು?

ಮಣ್ಣು, ಜಲ್ಲಿ, ಸತ್ತ ಮಾಂಸ ಉಳಿದ ಗಾಯದೊಳಗೆ ರಕ್ತವೇ ಸರಿಯಾಗಿ ಹರಿಯುವುದಿಲ್ಲ. ಮದ್ದು ತಲುಪುವುದು ಹೇಗೆ? ಧಾರಾಳ ಶುದ್ಧ ನೀರಿನಲ್ಲಿ ತೊಳೆಯಬೇಕು, ಸತ್ತದ್ದನ್ನು ಕತ್ತರಿಸಿ ತೆಗೆಯಬೇಕು, ಧನುರ್ವಾಯು ಲಸಿಕೆ ನೋಡಿಕೊಳ್ಳಬೇಕು, ಕೊಳಕು ಗಾಯಕ್ಕೆ ಅವಸರದಲ್ಲಿ ಹೊಲಿಗೆ ಹಾಕಬಾರದು. ಇದಕ್ಕೆ ನರ್ಸಿನ ಕೈ ಬೇಕು, ಕೌಂಟರ್ ಅಲ್ಲ. ಅರಿಶಿನ, ಕಾಫಿ ಪುಡಿ ಮೆತ್ತುವವರಿಗೂ ಇದೇ ಮಾತು.

ನಮ್ಮ ಕರಾವಳಿಗೆ ಇನ್ನೊಂದು ಅಪಾಯವಿದೆ. ಗದ್ದೆಯ ಮಣ್ಣಲ್ಲಿ, ನಿಂತ ನೀರಲ್ಲಿ ಬದುಕುವ ಬರ್ಖೋಲ್ಡೇರಿಯಾ ಸ್ಯೂಡೋಮ್ಯಾಲೈ ಎಂಬ ಬ್ಯಾಕ್ಟೀರಿಯಾ ಚರ್ಮದ ಸಣ್ಣ ಗೀರಿನಿಂದಲೂ ಒಳನುಗ್ಗಿ ಮೆಲಿಯಾಯ್ಡೋಸಿಸ್ ತರುತ್ತದೆ. ಮಳೆಗಾಲದಲ್ಲಿ ಇದರ ಹಾವಳಿ ಹೆಚ್ಚು. ಸಕ್ಕರೆ ಕಾಯಿಲೆಯವರೇ ಮುಖ್ಯ ಬಲಿ. ಮಣಿಪಾಲದ ಕಸ್ತೂರಬಾ ವೈದ್ಯಕೀಯ ಕಾಲೇಜಿನ ತಜ್ಞರು ವರ್ಷಗಳಿಂದ ಈ ಬಗ್ಗೆ ಎಚ್ಚರಿಸುತ್ತಲೇ ಇದ್ದಾರೆ. ಅಮಾಕ್ಸಿಸಿಲಿನ್, ಜೆಂಟಾಮೈಸಿನ್‌ನಂಥ ಆಂಟಿಬಯೋಟಿಕ್‌ಗಳು ಇದಕ್ಕೆ ನಾಟುವುದೇ ಇಲ್ಲ. ಕನಿಷ್ಠ ಹತ್ತು ದಿನ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್ ರಕ್ತನಾಳಕ್ಕೆ ಕೊಡಬೇಕು, ಆಮೇಲೆ ಮೂರು ತಿಂಗಳಾದರೂ ಕೋಟ್ರೈಮಾಕ್ಸಜೋಲ್ ನುಂಗಬೇಕು. ಕಲ್ಚರ್ (ಮಾದರಿಯಲ್ಲಿನ ಬ್ಯಾಕ್ಟೀರಿಯಾ ಬೆಳೆಸಿ ನೋಡುವ ಪರೀಕ್ಷೆ) ಮಾಡಿಸದೆ, ಇದನ್ನು ಕ್ಷಯವೆಂದು ತಿಳಿದು ಮದ್ದು ತಿಂದವರೂ ಇದ್ದಾರೆ. ಮೂರು ದಿನದ ಗುಳಿಗೆಯಿಂದ ಆಗುವುದು ಇಷ್ಟೇ: ರೋಗಿ ಆಸ್ಪತ್ರೆಗೆ ಬರುವುದು ತಡವಾಗುತ್ತದೆ. ಆಮೇಲಿನ ಐಸಿಯು ಬಿಲ್ಲು ಕಟ್ಟುವವನೂ ಅದೇ ಬಡವ.

ಕಾನೂನಿಗೆ ಬರವಿಲ್ಲ. ಪ್ರಬಲ ಆಂಟಿಬಯೋಟಿಕ್‌ಗಳನ್ನು ಚೀಟಿ ನೋಡಿ, ಪುಸ್ತಕದಲ್ಲಿ ಬರೆದಿಟ್ಟೇ ಮಾರಬೇಕೆಂಬ ‘ಎಚ್1’ ನಿಯಮ 2014ರಿಂದ ಇದೆ. ಔಷಧ ನಿಯಂತ್ರಣ ಇಲಾಖೆ ಆ ಪುಸ್ತಕ ತೆರೆಸಿ ನೋಡಲಿ. ಜತೆಗೆ ಕಾಪು, ಕಾರ್ಕಳದ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂಜೆ ಎಂಟರವರೆಗೆ ಡ್ರೆಸ್ಸಿಂಗ್ ಕೋಣೆ ತೆರೆದಿರಲಿ, ಕೀವಿನ ಮಾದರಿ ಅಲ್ಲಿಂದಲೇ ಲ್ಯಾಬಿಗೆ ಹೋಗಲಿ. ಇದನ್ನು ಮಾಡದೆ ಬರೇ ಅಂಗಡಿಯವರಿಗೆ ದಂಡ ಹಾಕಿದರೆ ಅದು ನಾಟಕ.

ಸಕ್ಕರೆ ಕಾಯಿಲೆಯಿದ್ದು, ಗದ್ದೆಯಲ್ಲಿ ಗಾಯವಾಗಿ ಜ್ವರ ಬಿಡದಿದ್ದರೆ ಆ ಗಾಯದ ಸುದ್ದಿಯನ್ನು ಡಾಕ್ಟರಿಗೆ ನೀವಾಗಿಯೇ ಹೇಳಿ. ಕಲ್ಚರ್ ಮಾಡಿಸಿ ಎಂದು ಕೇಳಲು ಸಂಕೋಚಪಡಬೇಡಿ.