ಹೋದ ಕರೆಂಟು ವಾಪಸು ಬರುವ ದಾರಿ

ಹಳೇ ಕಾರಿನಲ್ಲಿ ದೀಪ ಕೆಟ್ಟರೆ ನಾವು ಮೊದಲು ಬೈಯುವುದು ಬಲ್ಬನ್ನು. ಆಮೇಲೆ ಬ್ಯಾಟರಿಯನ್ನು. ಕೊನೆಗೆ ಕಾರನ್ನೇ ಬೈದು, ‘ಮಾರಿಬಿಡೋಣ’ ಅನ್ನುತ್ತೇವೆ. ಈ ಮೂರರಲ್ಲಿ ಯಾವುದರದೂ ತಪ್ಪಿಲ್ಲದೆ ದೀಪ ಕೆಡಬಹುದು. ಈ ವಾರ ಅದನ್ನು ಹೇಳುತ್ತೇನೆ. ಅಜ್ಜ ಅಜ್ಜಿಯರು ಓದಿ. ಶಾಲೆಯಲ್ಲಿ ಸೆಲ್ಲು, ಬಲ್ಬು, ಸ್ವಿಚ್ಚು ಸೇರಿಸಿ ಸರ್ಕಿಟ್ ಚಿತ್ರ ಬರೆಯುತ್ತಿರುವ ಮಕ್ಕಳು ಪಕ್ಕದಲ್ಲಿ ಕೂತು ಓದಿ. ಆ ಚಿತ್ರ ಪರೀಕ್ಷೆಯ ಆಚೆಗೂ ಉಪಯೋಗಕ್ಕೆ ಬರುತ್ತದೆ.

ನಮ್ಮದು 2005ರ ಮಾರುತಿ 800. ಈ ಕಾರು 1983ರ ಕೊನೆಯಲ್ಲಿ ರಸ್ತೆಗೆ ಬಂತು, 2014ರಲ್ಲಿ ತಯಾರಿಕೆ ನಿಂತಿತು. ನಮ್ಮಾಕೆಗೆ ಮಂಡಿ ನೋವು, ಆಟೋ ಹತ್ತಿ ಇಳಿಯುವುದು ಕಷ್ಟ. ವಾರಕ್ಕೆರಡು ದಿನ ಫಿಸಿಯೋಥೆರಪಿಗೆ ಹೋಗುವುದು ಈ ಕಾರಿನಲ್ಲೇ. ಸ್ವಂತ ಕಾರಿನ ನೋಂದಣಿಗೆ 15 ವರ್ಷ ಆಯಸ್ಸು. ಆಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. ನಮ್ಮದಕ್ಕೆ ಎರಡನೇ ನವೀಕರಣ ಬಂದಿತ್ತು. ಆರ್‌ಟಿಓ ತಪಾಸಣೆಯಲ್ಲಿ ದೀಪಗಳೆಲ್ಲ ಉರಿಯಬೇಕು. ಅಷ್ಟರಲ್ಲಿ ಬ್ರೇಕ್ ಲೈಟು ತಕರಾರು ತೆಗೆಯಿತು.

ತಕರಾರು ವಿಚಿತ್ರವಾಗಿತ್ತು. ಬ್ರೇಕ್ ಒತ್ತಿದರೆ ಬಲಗಡೆ ಕೆಂಪಗೆ ಚೆನ್ನಾಗಿ ಉರಿಯುತ್ತದೆ. ಎಡಗಡೆ ಮಾತ್ರ ಎಣ್ಣೆ ತೀರಿದ ದೀಪದಂತೆ ಮಂಕು. ಸಾಲದ್ದಕ್ಕೆ ಅದರ ಪಕ್ಕದ ಹಳದಿ ಇಂಡಿಕೇಟರು, ಯಾರೂ ಹಾಕದೆಯೇ, ಮಿಣಮಿಣ ಅನ್ನುತ್ತದೆ. ತೋರಿಸಿದಾಗ ಒಬ್ಬ ಮೆಕ್ಯಾನಿಕ್ಕು, ‘ಹಿಂದುಗಡೆ ವೈರಿಂಗ್ ಪೂರ್ತಿ ಬದಲಾಯಿಸಬೇಕು ಸಾರ್, ಎಂಟು ಸಾವಿರ ಆಗುತ್ತೆ’ ಅಂದ. ಮಗಳು ಫೋನಿನಲ್ಲಿ, ‘ಅಪ್ಪಾ, ಆ ಡಬ್ಬ ಮಾರಿಬಿಡಿ’ ಅಂದಳು. ಎಂಟು ಸಾವಿರಕ್ಕಿಂತ ಆ ‘ಡಬ್ಬ’ ಅನ್ನೋ ಮಾತು ನಮ್ಮಾಕೆಗೆ ನೋವಾಯಿತು.

ನಾನು ಬಿ.ಕಾಂ. ಮಾಡಿದವನು, ಇಂಜಿನಿಯರ್ ಅಲ್ಲ. ಆದರೆ ಬ್ಯಾಂಕಿನಲ್ಲಿ ಲೆಡ್ಜರ್ ತಾಳೆ ನೋಡಿದವನಿಗೆ ಒಂದು ಅಭ್ಯಾಸ ಇರುತ್ತದೆ: ಒಂದು ಕಡೆಯಿಂದ ಹೊರಟದ್ದು ಇನ್ನೊಂದು ಕಡೆ ಸೇರಿರಲೇಬೇಕು. ಸೇರಿಲ್ಲದಿದ್ದರೆ ಎಲ್ಲಿ ಸಿಕ್ಕಿಕೊಂಡಿದೆ ಅಂತ ಹುಡುಕಬೇಕು. ಕರೆಂಟಿಗೂ ಅದೇ ನಿಯಮ. ಬ್ಯಾಟರಿಯ ಪ್ಲಸ್ಸಿನಿಂದ ಹೊರಟ ಕರೆಂಟು ಬಲ್ಬಿನ ಮೂಲಕ ಹಾದು ಮೈನಸ್ಸಿಗೆ ವಾಪಸು ಬರಬೇಕು.

ಇಲ್ಲೇ ಮೊಮ್ಮಗಳು ಒಳ್ಳೆಯ ಪ್ರಶ್ನೆ ಕೇಳಿದಳು. ‘ತಾತ, ಬಲ್ಬಿಗೆ ಹೋಗೋ ವೈರು ಕಾಣಿಸುತ್ತೆ. ಬ್ಯಾಟರಿವರೆಗೂ ವಾಪಸ್ ಬರೋ ವೈರು ಎಲ್ಲಿ?’ ಇಲ್ಲವೇ ಇಲ್ಲ! ಕಾರಿನಲ್ಲಿ ವಾಪಸು ದಾರಿ ಅಂದರೆ ಕಾರಿನ ಕಬ್ಬಿಣದ ಮೈ. ಬ್ಯಾಟರಿಯ ಮೈನಸ್ಸನ್ನು ದಪ್ಪ ವೈರಿನಿಂದ ಬಾಡಿಗೆ ಕಟ್ಟಿರುತ್ತಾರೆ. ಪ್ರತಿ ದೀಪದ ಹತ್ತಿರ ಒಂದು ಚಿಕ್ಕ ವೈರು, ಸಾಮಾನ್ಯವಾಗಿ ಕಪ್ಪು, ಒಂದು ಸ್ಕ್ರೂವಿನಿಂದ ಬಾಡಿಗೆ ಸೇರಿರುತ್ತದೆ. ಇದಕ್ಕೆ ಅರ್ತ್ ಅನ್ನುತ್ತೇವೆ. ಇಪ್ಪತ್ತು ಮಳೆಗಾಲ ಕಂಡ ಕಾರಿನಲ್ಲಿ ಆ ಸ್ಕ್ರೂ ತುಕ್ಕು ಹಿಡಿಯದೆ ಇನ್ನೇನಾಗುತ್ತದೆ?

ತುಕ್ಕು ಹಿಡಿದರೆ ವಾಪಸು ದಾರಿ ಬಂದ್. ಆದರೆ ಕರೆಂಟು ಸುಮ್ಮನಿರುವುದಿಲ್ಲ. ಹಿಂದಿನ ದೀಪದ ಡಬ್ಬಿಯಲ್ಲಿ ಬ್ರೇಕ್, ಪಾರ್ಕಿಂಗ್, ಇಂಡಿಕೇಟರ್ ಮೂರಕ್ಕೂ ಅರ್ತ್ ಒಂದೇ. ಬ್ರೇಕ್ ಬಲ್ಬಿನಿಂದ ಇಳಿದ ಕರೆಂಟು ಬಾಗಿಲು ಮುಚ್ಚಿರುವುದನ್ನು ಕಂಡು, ಪಕ್ಕದ ಇಂಡಿಕೇಟರ್ ಬಲ್ಬಿನೊಳಗೆ ಹಿಂದುಮುಂದಾಗಿ ನುಗ್ಗಿ, ಆ ವೈರು ಹಿಡಿದು ಮುಂದಿನ ಇಂಡಿಕೇಟರಿಗೆ ಹೋಗಿ, ಅಲ್ಲಿನ ಅರ್ತ್ ಮೂಲಕ ಮನೆ ಸೇರುತ್ತದೆ. ಒಬ್ಬನಿಗೆ ಬಡಿಸಿದ 12 ವೋಲ್ಟನ್ನು ಮೂವರು ಹಂಚಿಕೊಂಡ ಹಾಗೆ. ಅದಕ್ಕೇ ಎಲ್ಲವೂ ಮಂಕು. ಬೇಡದ ದೀಪ ಮಿಣುಕಿದರೆ, ಒಂದು ಹಾಕಿದಾಗ ಇನ್ನೊಂದು ಉರಿದರೆ, ಬಲ್ಬಿಗಿಂತ ಮೊದಲು ಅರ್ತನ್ನು ಅನುಮಾನಿಸಿ.

ಅನುಮಾನವನ್ನು ಖಾತ್ರಿ ಮಾಡಿಕೊಳ್ಳುವುದು ಸುಲಭ. ಎರಡು ಮೀಟರ್ ವೈರು ತೆಗೆದುಕೊಂಡು ಒಂದು ತುದಿಯನ್ನು ದೀಪದ ಕಪ್ಪು ವೈರಿಗೆ, ಇನ್ನೊಂದನ್ನು ಬಣ್ಣವಿಲ್ಲದ ಶುದ್ಧ ಕಬ್ಬಿಣದ ಜಾಗಕ್ಕೆ (ಡಿಕ್ಕಿಯ ಒಳಗಿನ ಬೋಲ್ಟ್ ಆದೀತು) ಒತ್ತಿ ಹಿಡಿಯಿರಿ. ಮೊಮ್ಮಗಳು ಬ್ರೇಕ್ ಒತ್ತಿದಳು. ದೀಪ ಭಗ್ಗನೆ ಉರಿಯಿತು. ಮಲ್ಟಿಮೀಟರ್ ಇದ್ದವರು ಕಪ್ಪು ವೈರಿಗೂ ಬ್ಯಾಟರಿಯ ಮೈನಸ್ಸಿಗೂ ನಡುವೆ, ದೀಪ ಹಾಕಿಕೊಂಡೇ, ವೋಲ್ಟೇಜ್ ನೋಡಿ. ಸೊನ್ನೆಯ ಹತ್ತಿರ ಇರಬೇಕು. ನಮ್ಮದರಲ್ಲಿ 5ಕ್ಕಿಂತ ಹೆಚ್ಚಿತ್ತು. ಸ್ಕ್ರೂ ಬಿಚ್ಚಿ, ವೈರಿನ ಉಂಗುರವನ್ನೂ ಬಾಡಿಯನ್ನೂ ಉಪ್ಪು ಕಾಗದದಿಂದ ಹೊಳೆಯುವ ತನಕ ಉಜ್ಜಿ, ಬಿಗಿಯಾಗಿ ಕೂರಿಸಿ, ಮೇಲೆ ವ್ಯಾಸಲೀನ್ ಬಳಿದೆವು. ಖರ್ಚು, ಉಪ್ಪು ಕಾಗದದ ಕಾಸು.

ಈಗ ಉಳಿದ ತಕರಾರುಗಳು. ಹುಡುಕುವ ಮೊದಲು ಯೋಚಿಸಿ, ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ. ಒಂದು ಬ್ರೇಕ್ ಲೈಟು ಪೂರ್ತಿ ಸತ್ತರೆ ಬಲ್ಬು ನೋಡಿ. ಎರಡೂ ಒಟ್ಟಿಗೆ ಸತ್ತರೆ ಬಲ್ಬಿರಲಾರದು, ಇಬ್ಬರು ಒಂದೇ ಗಳಿಗೆಯಲ್ಲಿ ರಜೆ ಹಾಕುವುದು ಅಪರೂಪ. ಫ್ಯೂಸು ನೋಡಿ, ಆಮೇಲೆ ಬ್ರೇಕ್ ಪೆಡಲಿನ ಮೇಲ್ಗಡೆ ಇರುವ ಪುಟ್ಟ ಸ್ವಿಚ್ಚು. ಇಂಡಿಕೇಟರು ಒಂದು ಬದಿಗೆ ಮಾತ್ರ ಟಕಟಕಟಕ ಅಂತ ಅವಸರ ಮಾಡಿದರೆ ಆ ಬದಿಯ ಒಂದು ಬಲ್ಬು ಹೋಗಿದೆ. ಹಾರ್ನು, ವೈಪರು, ಸ್ಟೀರಿಯೋ ಒಟ್ಟಿಗೆ ಸುಮ್ಮನಾದರೆ ಮೂರೂ ಕೆಟ್ಟಿಲ್ಲ, ಮೂರಕ್ಕೂ ಸಾಮಾನ್ಯವಾದದ್ದು ಏನೋ ಕೆಟ್ಟಿದೆ.

ಫ್ಯೂಸಿನ ವಿಷಯ ಸ್ವಲ್ಪ ಗಟ್ಟಿಯಾಗಿ ಹೇಳಬೇಕು. ಪ್ಲಾಸ್ಟಿಕ್ ಫ್ಯೂಸಿನ ಬಣ್ಣವೇ ಅದರ ಅಂಕಿ: ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ಸುಟ್ಟ ಕೆಂಪಿನ ಜಾಗಕ್ಕೆ ಕೆಂಪನ್ನೇ ಹಾಕಿ. ಹಳದಿ ಹಾಕಿದರೆ ದೀಪ ಉರಿಯುತ್ತದೆ ನಿಜ. ಆದರೆ ಮುಂದಿನ ಸಲ ಫ್ಯೂಸಿನ ಬದಲು ವೈರು ಸುಡುತ್ತದೆ. ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ, ತಾಮ್ರದ ಎಳೆ ಸುತ್ತುವ ಜಾಣರನ್ನು ನಾನು ನೋಡಿದ್ದೇನೆ. ಅವರ ಕಾರಿನಲ್ಲಿ ನಾನು ಕೂರುವುದಿಲ್ಲ. ಸರಿಯಾದ ಫ್ಯೂಸು ಹಾಕಿದ ಮೇಲೂ ಎರಡನೇ ಸಲ ಹೋದರೆ ಎಲ್ಲೋ ವೈರಿನ ತೊಗಲು ಕಿತ್ತು ಬಾಡಿಗೆ ತಾಗುತ್ತಿದೆ, ಅಥವಾ ಇಲಿ ಕಡಿದಿದೆ. ಅಲ್ಲಿಗೆ ನಿಲ್ಲಿಸಿ ಎಲೆಕ್ಟ್ರಿಷಿಯನ್ ಹತ್ತಿರ ಹೋಗಿ. ಸುಟ್ಟ ವಾಸನೆ ಬಂದರೂ ಅಷ್ಟೇ.

ಬ್ಯಾಟರಿ ಬೆಳಿಗ್ಗೆ ಬೆಳಿಗ್ಗೆ ಕೈಕೊಡುತ್ತಿದೆಯೇ? ಮಕ್ಕಳೇ, ಒಂದು ಲೆಕ್ಕ ಮಾಡಿ. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಗಂಟೆ. ಡಿಕ್ಕಿಯೊಳಗೆ 5 ವ್ಯಾಟಿನ ಒಂದು ಬಲ್ಬು ಆರದೆ ಉಳಿದಿದೆ ಅಂದುಕೊಳ್ಳಿ. 5 ಭಾಗಿಸು 12 ಅಂದರೆ ಸುಮಾರು 0.42 ಆಂಪಿಯರ್. 35 ಭಾಗಿಸು 0.42, ಸುಮಾರು 83 ಗಂಟೆ. ಮೂರೂವರೆ ದಿನದಲ್ಲಿ ಖಾತೆ ಖಾಲಿ. ಸ್ಟಾರ್ಟ್ ಆಗದಿರಲು ಅಷ್ಟು ದಿನವೂ ಬೇಡ. ಹೆಡ್‌ಲೈಟುಗಳಾದರೆ 55 ವ್ಯಾಟಿನವು ಎರಡು. ನಾಲ್ಕು ಗಂಟೆಯೂ ಬಾಳುವುದಿಲ್ಲ. ಎಂಜಿನ್ ನಿಲ್ಲಿಸಿ ಒಂದೆರಡು ಗಂಟೆ ಬಿಟ್ಟು ಅಳೆದಾಗ ತುಂಬಿದ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು. ಎಂಜಿನ್ ಓಡುವಾಗ 14ರ ಹತ್ತಿರ ಇರಬೇಕು. ಓಡುವಾಗಲೂ 12.6ರಲ್ಲೇ ನಿಂತಿದ್ದರೆ ಆಲ್ಟರ್ನೇಟರ್ ಜಮಾ ಮಾಡುತ್ತಿಲ್ಲ, ನೀವು ಬರೀ ಖರ್ಚು ಮಾಡುತ್ತಿದ್ದೀರಿ. ಅದು ಮನೆಯ ಕೆಲಸವಲ್ಲ.

ಟರ್ಮಿನಲ್ ಮೇಲೆ ಬಿಳಿ-ಹಸಿರು ಪುಡಿ ಕಟ್ಟಿದ್ದರೆ ಬರಿಗೈಯಲ್ಲಿ ಮುಟ್ಟಬೇಡಿ. ಆಸಿಡ್ ಅಂಶ ಇರುತ್ತದೆ. ಬಿಚ್ಚುವಾಗ ಮೊದಲು ಮೈನಸ್, ಹಾಕುವಾಗ ಕೊನೆಗೆ ಮೈನಸ್. ಕಾರಣ ಮೇಲೆ ಹೇಳಿದ್ದೇ: ಬಾಡಿ ಪೂರ್ತಿ ಮೈನಸ್. ಮೈನಸ್ ಕಟ್ಟಿರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಬಾಡಿಗೆ ತಾಗಿದರೆ ಸಿಡಿಲಿನಂಥ ಕಿಡಿ. ಅಡುಗೆ ಸೋಡಾ ಬೆರೆಸಿದ ಬಿಸಿನೀರಲ್ಲಿ ಹಳೇ ಟೂತ್‌ಬ್ರಷ್ ಅದ್ದಿ ಉಜ್ಜಿ, ಬ್ಯಾಟರಿಯ ಬಿರಡೆಗಳೊಳಗೆ ಆ ನೀರು ಹೋಗದ ಹಾಗೆ ನೋಡಿಕೊಳ್ಳಿ, ಒರೆಸಿ ಒಣಗಿಸಿ.

ಮಕ್ಕಳಿಗೆ ನಮ್ಮ ಮನೆಯ ಕಟ್ಟಳೆಗಳನ್ನು ಹೇಳಿಬಿಡುತ್ತೇನೆ. 12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ. ಆದರೆ ಬಳೆ, ಉಂಗುರ, ಗಡಿಯಾರ ಪ್ಲಸ್ಸಿಗೂ ಬಾಡಿಗೂ ಒಟ್ಟಿಗೆ ತಾಗಿದರೆ ಕೆಂಪಗೆ ಕಾದು ಚರ್ಮ ಸುಡುತ್ತದೆ, ಬಿಚ್ಚಿಟ್ಟು ಬನ್ನಿ. ಸ್ಪಾರ್ಕ್ ಪ್ಲಗ್ಗಿಗೆ ಹೋಗುವ ದಪ್ಪ ವೈರು ಮುಟ್ಟುವ ಹಾಗಿಲ್ಲ, ಅಲ್ಲಿರುವುದು ಸಾವಿರಾರು ವೋಲ್ಟ್. ಬ್ಯಾಟರಿ ಹತ್ತಿರ ಬೆಂಕಿ, ಊದುಬತ್ತಿ ಕೂಡ, ಬೇಡ. ಅದರಿಂದ ಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಏರ್‌ಬ್ಯಾಗ್ ಇರುವ ಹೊಸ ಕಾರುಗಳಲ್ಲಿ ಹಳದಿ ಕವಚದ ವೈರುಗಳಿಗೆ ಕೈ ಹಾಕಲೇಬಾರದು. ಬ್ರೇಕ್ ಲೈಟು ನೋಡುವಾಗ ಎಂಜಿನ್ ಆಫ್, ಹ್ಯಾಂಡ್ ಬ್ರೇಕ್ ಮೇಲೆ, ನೋಡುವವರು ಕಾರಿನ ನೇರ ಹಿಂದೆ ಅಲ್ಲ, ಪಕ್ಕದಲ್ಲಿ. ಬಹುತೇಕ ಕಾರುಗಳಲ್ಲಿ ಬ್ರೇಕ್ ಲೈಟಿಗೆ ಎಂಜಿನ್ ಬೇಕಿಲ್ಲ. ಜೊತೆಗೆ ಯಾರೂ ಇಲ್ಲದ ಅಜ್ಜಂದಿರು ಕತ್ತಲಾದ ಮೇಲೆ ಕಾರಿನ ಬೆನ್ನನ್ನು ಕಾಂಪೌಂಡ್ ಗೋಡೆಗೆ ಮಾಡಿ ನಿಲ್ಲಿಸಿ ಪೆಡಲ್ ಒತ್ತಿ. ಗೋಡೆಯ ಮೇಲೆ ಎರಡು ಕೆಂಪು ಬಿದ್ದವೋ ಒಂದೋ, ಕನ್ನಡಿಯಲ್ಲೇ ತಿಳಿಯುತ್ತದೆ. ವಾರಕ್ಕೊಮ್ಮೆ ಸಾಕು. ಮಳೆಯಲ್ಲಿ ರಿಂಗ್ ರಸ್ತೆಯ ಮೇಲೆ ನಮ್ಮ ಹಿಂದೆ ಬರುವ ಲಾರಿಯವನಿಗೆ ನಾವು ನಿಲ್ಲುತ್ತಿರುವುದನ್ನು ಹೇಳುವುದು ಆ ಎರಡು ಬಲ್ಬುಗಳೇ.

ತಪಾಸಣೆಗೆ ಹೋದ ದಿನ ಮೊಮ್ಮಗಳೂ ಬಂದಿದ್ದಳು. ಇನ್‌ಸ್ಪೆಕ್ಟರ್ ಬಲ ಇಂಡಿಕೇಟರ್, ಎಡ ಇಂಡಿಕೇಟರ್, ಹೆಡ್‌ಲೈಟ್, ಬ್ರೇಕ್ ಅಂತ ಒಂದೊಂದೇ ಹಾಕಿಸಿ ನೋಡಿದರು. ಎಡಗಡೆ ಬ್ರೇಕ್ ಲೈಟಿನ ಮುಂದೆ ಒಂದು ಕ್ಷಣ ನಿಂತಾಗ ಇವಳು ನನ್ನ ಕೈ ಹಿಡಿದುಕೊಂಡಳು. ಅವರು ಬರೆದುಕೊಂಡು ಮುಂದೆ ಹೋದರು. ಐದು ವರ್ಷಕ್ಕೆ ನೋಂದಣಿ ಆಯಿತು. ಫಿಸಿಯೋಥೆರಪಿ ಮಂಗಳವಾರ, ಶುಕ್ರವಾರ ಎಂದಿನಂತೆ ನಡೆದಿದೆ.

ಹಾರ್ನಿನ ಬಗ್ಗೆ ಇಬ್ಬರು ಓದುಗರು ಕೇಳಿದ್ದಾರೆ. ಸ್ಟೀರಿಂಗ್ ತಿರುಗಿಸಿದಾಗ ಮಾತ್ರ ಹಾರ್ನು ಬರುತ್ತದೆ, ನೇರ ಇದ್ದಾಗ ಇಲ್ಲ ಅಂದರೆ ಹಾರ್ನು ಸರಿಯಿದೆ, ಸ್ಟೀರಿಂಗಿನೊಳಗಿನ ಕಾಂಟ್ಯಾಕ್ಟ್ ಸವೆದಿದೆ. ಸ್ಟೀರಿಂಗ್ ಬಿಚ್ಚುವ ಕೆಲಸ ಮನೆಯಲ್ಲಿ ಬೇಡ. ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಎಲೆಕ್ಟ್ರಿಷಿಯನ್ ಕೈಗೆ ಕೊಡಿ, ಅವನಿಗೆ ಹುಡುಕುವ ಹೊತ್ತು ಉಳಿಯುತ್ತದೆ. ಮುಂದಿನ ವಾರ ನೀರು ಸೋರುವ ನಲ್ಲಿ.