ಕೋಟೆಯ ಭೂತವೂ ಮನೆಯ ಭೂತವೂ



ಬೆಟ್ಟದ ಮೇಲೊಂದು ಹಳೆಯ ಬಂಗಲೆ. ಅದರೊಳಗೆ ಬೀಗ ಜಡಿದ ಕೋಣೆ, ಸತ್ತ ಹೆಣ್ಣೊಬ್ಬಳ ದಿನಚರಿ, ನಡುರಾತ್ರಿ ತಾನಾಗಿ ಬಾರಿಸುವ ದೇವಾಲಯದ ಗಂಟೆ. ಅಲ್ಲಿಗೆ ಬಂದು ಸೇರುವ ಅನಾಥ ತರುಣಿ. ತನ್ನ ಪೂರ್ವವೃತ್ತಾಂತವನ್ನು ಬಚ್ಚಿಟ್ಟುಕೊಂಡ ಸುಂದರ ಯುವಕ. ಮುನ್ನೂರು ಪುಟಗಳ ಭೀತಿಯ ನಂತರ ರಹಸ್ಯ ಬಯಲಾಗುತ್ತದೆ, ಇಬ್ಬರೂ ಮೊಣಕಾಲೂರಿ ಪ್ರಾರ್ಥಿಸುತ್ತಾರೆ, ಮದುವೆ ನಡೆಯುತ್ತದೆ. ಕ್ರೈಸ್ತ ಐತಿಹಾಸಿಕ ಕಾದಂಬರಿ ಎಂಬ ಹಣೆಪಟ್ಟಿ ಹೊತ್ತ ಇಂಥ ಪುಸ್ತಕಗಳು ಇಂಗ್ಲಿಷಿನಲ್ಲಿ ರಾಶಿರಾಶಿಯಾಗಿ ಬರುತ್ತಿವೆ. ಈಗ ಅವನ್ನು ಓದಲು ಪುಸ್ತಕದಂಗಡಿಯೂ ಬೇಕಿಲ್ಲ, ಕೈಯಲ್ಲೊಂದು ಮೊಬೈಲ್ ಇದ್ದರೆ ಸಾಕು. ಮಕ್ಕಳಿಗೆ ಇವನ್ನು ಓದಗೊಡಬಹುದೇ ಎಂದು ಕೇಳುವ ತಂದೆತಾಯಿಯರಿಗೆ ಎರಡು ಸಿದ್ಧ ಉತ್ತರಗಳು ದೊರೆಯುತ್ತವೆ. ಭೂತವೂ ಪ್ರೇಮವೂ ಇರುವ ಪುಸ್ತಕ ಕ್ರೈಸ್ತ ಕುಟುಂಬಕ್ಕೆ ಸಲ್ಲದು ಎಂಬುದು ಒಂದು. ಕೊನೆಯಲ್ಲಿ ಪ್ರಾರ್ಥನೆ ಇದೆಯಲ್ಲ, ಓದಲಿ ಬಿಡಿ ಎಂಬುದು ಇನ್ನೊಂದು. ಎರಡೂ ಉತ್ತರಗಳು ಸೋಮಾರಿತನದವು.

ಮೊದಲನೆಯದನ್ನು ಹೇಳುವ ಹಿರಿಯರು ತಮ್ಮ ಮನೆಯ ಪವಿತ್ರ ಬೈಬಲಿನಲ್ಲಿರುವ ತೋಬಿತನ ಗ್ರಂಥವನ್ನು ಒಮ್ಮೆ ತೆರೆದು ನೋಡಲಿ. ಸೆರೆಯಾಗಿ ನಿನೆವೆಗೆ ಒಯ್ಯಲ್ಪಟ್ಟ ತೋಬಿತನು ಅರಸನ ಕಣ್ತಪ್ಪಿಸಿ, ಕೊಲೆಯಾದ ತನ್ನ ಜನರ ಶವಗಳನ್ನು ಹೂಳುತ್ತಾನೆ. ದೂರದ ಎಕ್ಬತಾನದಲ್ಲಿ ಸಾರಾ ಎಂಬ ಕನ್ಯೆ. ಆಕೆಗೆ ಏಳು ಸಲ ಮದುವೆಯಾಗಿದೆ. ಏಳು ವರರನ್ನೂ ಅಸ್ಮೋದೇಯನೆಂಬ ದೆವ್ವ ಮೊದಲ ರಾತ್ರಿಯೇ ಕೊಂದಿದೆ. ಮನೆಯ ದಾಸಿಯೇ ಆಕೆಯನ್ನು ಗಂಡಂದಿರನ್ನು ಕೊಂದವಳೆಂದು ಹಳಿದಾಗ ಅವಳು ನೇಣು ಹಾಕಿಕೊಳ್ಳಲು ಯೋಚಿಸುತ್ತಾಳೆ, ತಂದೆಯ ಮುಖ ನೆನೆದು ಹಿಂಜರಿಯುತ್ತಾಳೆ. ತೋಬಿತನ ಮಗ ಎಂಟನೆಯ ವರನಾಗಿ ಬಂದ ರಾತ್ರಿ ಮಾವ ರಗುವೇಲನು ಮಾಡುವುದೇನು? ಕತ್ತಲಲ್ಲಿ ಎದ್ದು, ಅಳಿಯನಿಗಾಗಿ ಸಮಾಧಿ ತೋಡಿಸುತ್ತಾನೆ. ಬೆಳಗಾಗುವುದರೊಳಗೆ ಹೂತುಬಿಟ್ಟರೆ ಊರವರ ನಗೆಪಾಟಲು ತಪ್ಪುತ್ತದೆಂಬುದು ಆತನ ಲೆಕ್ಕ. ದಾಸಿ ದೀಪ ಹಿಡಿದು ಹೋಗಿ ನೋಡಿದರೆ ವಧೂವರರು ಸುಖವಾಗಿ ನಿದ್ರಿಸುತ್ತಿದ್ದಾರೆ. ಆಗ ಅದೇ ತಂದೆ, ಬೆಳಕು ಹರಿಯುವ ಮೊದಲೇ ಕುಣಿ ಮುಚ್ಚಿರೆಂದು ಆಳುಗಳಿಗೆ ಅಪ್ಪಣೆ ಕೊಡುತ್ತಾನೆ. ಆ ರಾತ್ರಿ ಆ ದಂಪತಿಗಳು ಮಾಡಿದ ಪ್ರಾರ್ಥನೆಯನ್ನು ಇಂದಿಗೂ ವಿವಾಹದ ಬಲಿಪೂಜೆಯಲ್ಲಿ ವಾಚನವಾಗಿ ಆರಿಸಿಕೊಳ್ಳುವುದುಂಟು. ಸಮಾಧಿಯ ಭಾಗವನ್ನು ಮಾತ್ರ ನಾವು ಓದುವುದಿಲ್ಲ. ಭಯ, ರಹಸ್ಯ, ಪ್ರೇಮ ಈ ಮೂರೂ ಧರ್ಮಗ್ರಂಥದಲ್ಲಿಯೇ ಇರುವಾಗ ಕಾದಂಬರಿಯ ಮೇಲೇಕೆ ಮುನಿಸು?

ಇನ್ನು ಎರಡನೆಯ ಉತ್ತರ. ಈ ಬಗೆಯ ಕಥೆಯ ವಂಶಾವಳಿಯನ್ನು ತಿಳಿದವರು ‘ಓದಲಿ ಬಿಡಿ’ ಎಂದು ಅಷ್ಟು ಸುಲಭವಾಗಿ ಹೇಳಲಾರರು. 1764ರಲ್ಲಿ ಇಂಗ್ಲೆಂಡಿನ ಹೊರೇಸ್ ವಾಲ್ಪೋಲ್ ‘ದಿ ಕ್ಯಾಸಲ್ ಆಫ್ ಒಟ್ರಾಂಟೊ’ ಬರೆದನು. ಅದು ತನ್ನದಲ್ಲ, ಹಳೆಯ ಕಥೋಲಿಕ ಕುಟುಂಬವೊಂದರ ಗ್ರಂಥಭಂಡಾರದಲ್ಲಿ ದೊರೆತ ಇಟಾಲಿಯನ್ ಪುಸ್ತಕದ ಅನುವಾದ ಎಂದು ಮೊದಲ ಮುದ್ರಣದಲ್ಲಿ ಸುಳ್ಳು ಹೇಳಿದನು. 1796ರಲ್ಲಿ ಮ್ಯಾಥ್ಯೂ ಲೂಯಿಸನ ‘ದಿ ಮಾಂಕ್’ ಬಂತು. ಅದರಲ್ಲಿ ಕಾಮಾಂಧ ಸನ್ಯಾಸಿಯೂ ಇದ್ದಾನೆ, ಕನ್ಯಾಸ್ತ್ರೀಯರ ಮಠದ ನೆಲಮಾಳಿಗೆಯಲ್ಲಿ ಸಂಕೋಲೆಯಲ್ಲಿ ಬಿದ್ದ ಹೆಣ್ಣೂ ಇದ್ದಾಳೆ. ಆ ಓದುಗರಿಗೆ ಹೆದರಿಕೆ ಬೇಕಿತ್ತು. ಹೆದರಿಸುವುದಕ್ಕೆ ನಮ್ಮ ಗುರುಗಳೂ ಧರ್ಮಭಗಿನಿಯರೂ ಒದಗಿಬಂದರು.

ಕಥೆಯಲ್ಲವೇ, ಕಥೆಯಿಂದ ಏನಾದೀತು ಎನ್ನಬೇಡಿರಿ. ಅಮೆರಿಕದ ಬಾಸ್ಟನ್ ಸಮೀಪದ ಚಾರ್ಲ್ಸ್‌ಟೌನಿನಲ್ಲಿ ಉರ್ಸುಲೈನ್ ಭಗಿನಿಯರ ಮಠವೂ ಶಾಲೆಯೂ ಇದ್ದವು. ಒಳಗೆ ಹೆಣ್ಣೊಬ್ಬಳನ್ನು ಬಲವಂತವಾಗಿ ಇರಿಸಿಕೊಂಡಿದ್ದಾರೆಂಬ ಗುಸುಗುಸು ಹಬ್ಬಿತು. ಆಗಸ್ಟ್ 1834ರ ಒಂದು ರಾತ್ರಿ ಜನರ ಗುಂಪೊಂದು ನುಗ್ಗಿ ಅದಕ್ಕೆ ಬೆಂಕಿಯಿಟ್ಟಿತು; ಭಗಿನಿಯರೂ ಶಾಲೆಯ ಹೆಣ್ಣುಮಕ್ಕಳೂ ಕತ್ತಲಲ್ಲಿ ಓಡಿ ಜೀವ ಉಳಿಸಿಕೊಂಡರು. ಎರಡು ವರ್ಷಗಳ ನಂತರ ಮರಿಯಾ ಮಾಂಕ್ ಎಂಬವಳ ಹೆಸರಿನಲ್ಲಿ ಮಾಂಟ್ರಿಯಲ್ ಮಠದ ‘ನಿಜಕಥೆ’ ಪ್ರಕಟವಾಯಿತು. ಪತ್ರಕರ್ತನೊಬ್ಬನು ಮಠವನ್ನೆಲ್ಲ ಸುತ್ತಿ, ಆಕೆ ವರ್ಣಿಸಿದ್ದು ಯಾವುದೂ ಅಲ್ಲಿಲ್ಲವೆಂದು ತೋರಿಸಿದನು. ಪುಸ್ತಕದ ಮಾರಾಟವೇನೂ ನಿಲ್ಲಲಿಲ್ಲ. ನಮ್ಮ ನಾಡಿನಲ್ಲಿಯೂ ಸಿನಿಮಾದವರಿಗೆ ಪ್ರೇತ ಬೇಕಾದಾಗ ಶಿಲುಬೆ ನೆಟ್ಟ ಸ್ಮಶಾನವನ್ನು ತೋರಿಸುವ ಚಾಳಿ ಇದೆಯಷ್ಟೆ. ಅದನ್ನು ಕಂಡು ಬೇಸರಪಡುವ ನಾವು, ಅದೇ ಸರಕಿಗೆ ಕ್ರೈಸ್ತ ಪ್ರಕಾಶನದ ಮುದ್ರೆ ಬಿದ್ದೊಡನೆ ಮನೆಗೆ ಕರೆದುಕೊಳ್ಳುವುದು ಯಾವ ನ್ಯಾಯ?

ಹಾಗಾದರೆ ಏನು ಓದಬೇಕು ಎಂದೀರಿ. ಉತ್ತರಕ್ಕಾಗಿ ದೂರ ಹೋಗಬೇಕಿಲ್ಲ, ನಮ್ಮ ಜಿಲ್ಲಾ ಕೇಂದ್ರದವರೆಗೆ ಬಂದರೆ ಸಾಕು. 1831ರಲ್ಲಿ ಬೆಳಗಾವಿಯಲ್ಲಿ ಹುಟ್ಟಿ, ಅಲ್ಲಿಯ ಮಿಶನ್ ಶಾಲೆಯಲ್ಲಿ ಕಲಿತು, 1854ರಲ್ಲಿ ಅಲ್ಲಿಯೇ ದೀಕ್ಷಾಸ್ನಾನ ಪಡೆದ ಬಾಬಾ ಪದಮನಜಿ 1857ರಲ್ಲಿ ‘ಯಮುನಾ ಪರ್ಯಟನ’ವನ್ನು ಪ್ರಕಟಿಸಿದರು. ಮರಾಠಿಯ ಮೊದಲ ಕಾದಂಬರಿಯೆಂದು ಅದನ್ನು ಗುರುತಿಸುತ್ತಾರೆ. ಅವರು ನಮ್ಮ ಕಥೋಲಿಕ ಸಭೆಯವರಲ್ಲ. ಆ ಕಾರಣಕ್ಕಾಗಿಯೇ ನಮ್ಮ ಮನೆಗಳಲ್ಲಿ ಅವರ ಹೆಸರು ಕೇಳಿಬರುವುದಿಲ್ಲವಾದರೆ ನಷ್ಟ ನಮ್ಮದೇ. ಯಮುನೆ ಗಂಡನೊಡನೆ ಪ್ರವಾಸ ಹೊರಟು ದಾರಿಯುದ್ದಕ್ಕೂ ವಿಧವೆಯರ ಬಾಳನ್ನು ಕಾಣುತ್ತಾಳೆ. ಕೊನೆಗೆ ತಾನೇ ವಿಧವೆಯಾಗುತ್ತಾಳೆ, ಕ್ರೈಸ್ತಳಾಗುತ್ತಾಳೆ, ಮರುಮದುವೆಯಾಗುತ್ತಾಳೆ. ವಿಧವಾ ಪುನರ್ವಿವಾಹದ ಕಾಯಿದೆ ಬಂದದ್ದು 1856ರಲ್ಲಿ, ಈ ಪುಸ್ತಕ ಬಂದದ್ದು ಮರುವರ್ಷ. ಅದರಲ್ಲಿ ಕೋಟೆಯಿಲ್ಲ, ಪ್ರೇತವಿಲ್ಲ. ತಲೆ ಬೋಳಿಸಲು ಕಾದಿರುವ ಕ್ಷೌರದ ಕತ್ತಿ ಇದೆ. ಅದಕ್ಕಿಂತ ಭಯಾನಕವಾದುದು ವಾಲ್ಪೋಲನ ಕೋಟೆಯಲ್ಲಿ ಏನಿತ್ತು? ಪದಮನಜಿಯವರ ಪಾತ್ರಗಳು ಮಾತಿಗೆ ಬಾಯಿ ತೆರೆದರೆ ಪ್ರಬೋಧನೆಯೇ ಹೊರಡುತ್ತದೆ ಎಂಬುದು ಸುಳ್ಳಲ್ಲ. ಆದರೂ ಅವರು ಹೆದರಿದ್ದು ತಮ್ಮ ಬೀದಿಯಲ್ಲಿ ಕಂಡುದಕ್ಕೆ.

ನಮ್ಮ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ಕಥೆಗೆ ಬರವೇ? 1956ರಲ್ಲಿ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂದ ಸೀಮೆ ಇದು. ಅದಕ್ಕೂ ಮೊದಲು ರಾಯಬಾಗದವರಿಗೆ ಕೊಲ್ಲಾಪುರದ ಮಹಾರಾಜರು, ಅಥಣಿಯವರಿಗೆ ಇಂಗ್ಲಿಷ್ ಸರಕಾರ. ಒಂದೇ ಮನೆಯಲ್ಲಿ ಜಪಮಾಲೆ ಕನ್ನಡದಲ್ಲಿ, ಜಗಳ ಮರಾಠಿಯಲ್ಲಿ. 1876–78ರ ಬರಗಾಲ, ಆಮೇಲಿನ ಪ್ಲೇಗು, 2005ರಲ್ಲಿಯೂ 2019ರಲ್ಲಿಯೂ ಮನೆಯೊಳಗೆ ನುಗ್ಗಿದ ಕೃಷ್ಣೆ. ಕಾಗವಾಡದಾಚೆಯ ಮಿರಜದಲ್ಲಿ ಡಾ. ವಾನ್‌ಲೆಸ್ 1894ರಲ್ಲಿ ತೆರೆದ ಮಿಶನ್ ಆಸ್ಪತ್ರೆ. 1982ರ ಕಾಯಿದೆ ಬರುವ ತನಕ, ಬಂದ ಮೇಲೆಯೂ, ಯಲ್ಲಮ್ಮನ ಹೆಸರಿನಲ್ಲಿ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು. ಇವುಗಳಲ್ಲಿ ಯಾವುದನ್ನು ಮುಟ್ಟಿದರೂ ಕಾದಂಬರಿಯಾದೀತು.

ಆದರೂ ಬರೆಯುವವರಿಲ್ಲ. ಏಕೆ? ಪ್ರತಿಭೆ ಇಲ್ಲದೆ ಅಲ್ಲ. ನಮ್ಮ ಕುಟುಂಬಗಳ ಬೀಗ ಹಾಕಿದ ಕೋಣೆಯಲ್ಲಿ ಏನಿದೆಯೆಂದು ನಮಗೆ ಚೆನ್ನಾಗಿ ಗೊತ್ತಿದೆ, ಅದಕ್ಕೇ ಬರೆಯುವುದಿಲ್ಲ. ದೀಕ್ಷಾಸ್ನಾನದ ನೀರಿನಲ್ಲಿ ಸತ್ತುಹೋಯಿತೆಂದು ನಾವು ಹೇಳಿಕೊಳ್ಳುವ ಜಾತಿ ಸತ್ತಿಲ್ಲ. ವರ್ಷವಿಡೀ ಅದು ಕಣ್ಣಿಗೆ ಬೀಳುವುದಿಲ್ಲ. ಮಗಳ ಮದುವೆಯ ಮಾತು ಬಂದ ಸಂಜೆ ಪಡಸಾಲೆಯಲ್ಲಿ ಬಂದು ಕೂಡುತ್ತದೆ. ಹುಡುಗ ಕ್ರೈಸ್ತನೇ, ಒಳ್ಳೆಯವನೇ, ನೌಕರಿಯೂ ಇದೆ; ಆದರೆ ‘ಅವರು ಮೊದಲು ಯಾರು?’ ಎಂದು ಹಿರಿಯರೊಬ್ಬರು ದನಿ ತಗ್ಗಿಸಿ ಕೇಳುತ್ತಾರೆ. ಅಲ್ಲಿಗೆ ಮಾತು ಮುಗಿಯುತ್ತದೆ. ಹಾಗೆ ನಿರಾಕರಿಸಲ್ಪಟ್ಟು ಮದುವೆಯೇ ಆಗದೆ ಉಳಿದ ಅತ್ತೆಯೊಬ್ಬಳು, ಹೆಸರು ಹೇಳದೆ ಊರು ಬಿಟ್ಟ ಚಿಕ್ಕಪ್ಪನೊಬ್ಬನು ನಿಮ್ಮ ಬಂಧುಬಳಗದಲ್ಲಿ ಇಲ್ಲವೇ? ಯೋಚಿಸಿ ನೋಡಿರಿ. ರಗುವೇಲನಾದರೋ ಅಳಿಯನ ಕುಣಿಯನ್ನು ಬೆಳಗಾಗುವ ಮೊದಲು ಮುಚ್ಚಿಸಿದನು. ನಾವು ಅದನ್ನು ತೆರೆದೇ ಇಟ್ಟುಕೊಂಡಿದ್ದೇವೆ.

ಇದೇ ನನ್ನ ತಕರಾರು. ಇಂಗ್ಲೆಂಡಿನ ಕೋಟೆಯ ಭೂತಕ್ಕೆ ನಮ್ಮ ಮಕ್ಕಳು ಹೆದರಿದರೆ ನಮಗೆ ಖರ್ಚಿಲ್ಲ. ಅದಕ್ಕೇ ಆ ಪುಸ್ತಕಗಳು ಹಿತವಾಗಿವೆ. ನಮ್ಮ ಪಡಸಾಲೆಯ ಭೂತವನ್ನು ಕುರಿತು ಯಾರಾದರೂ ಬರೆದರೆ ಸಮಾಜದ ಮಾನ ಹೋಯಿತೆಂದು ಗುರುಗಳ ಬಳಿಗೆ ಮೊದಲು ದೂರು ಒಯ್ಯುವವರು ನಾವೇ.

ಆದುದರಿಂದ ಇಂಥ ಕಥೆ ಬರೆಯಲು ಮನಸ್ಸಿರುವ ತರುಣ ತರುಣಿಯರಿಗೆ ಒಂದು ಮಾತು. ಅಜ್ಜ ಅಜ್ಜಿಯರು ಬದುಕಿರುವಾಗಲೇ ಕೇಳಿ ಬರೆದುಕೊಳ್ಳಿರಿ. ಅಂಗಳದಲ್ಲಿ ಒಂಟಿಯಾಗಿ ಕುಳಿತಾಗ ಕೇಳಿರಿ, ಮಗ ಸೊಸೆಯರ ಮುಂದೆ ಅವರು ಹೇಳಲಾರರು. ಬದುಕಿರುವವರಿಗೆ ನೋವಾಗದಂತೆ ಹೆಸರು ಬದಲಿಸಿರಿ, ಊರು ಬದಲಿಸಿರಿ, ರಾಯಬಾಗದಲ್ಲಿ ನಡೆದುದನ್ನು ಕಾಗವಾಡದಲ್ಲಿ ನಡೆಯಿತೆಂದು ಬರೆಯಿರಿ. ಬೇಕಿದ್ದರೆ ಒಂದು ಹಳೆಯ ವಾಡೆಯನ್ನೂ ಮಳೆಗಾಲದ ರಾತ್ರಿಯನ್ನೂ ಸೇರಿಸಿಕೊಳ್ಳಿರಿ, ಅಡ್ಡಿಯಿಲ್ಲ. ಆ ಮದುವೆ ಮುರಿದ ಕಾರಣವನ್ನು ಮಾತ್ರ ಬದಲಿಸಬೇಡಿರಿ.